ತಟ್ಟೆಯ ಮೇಲಿನ ಹೆಸರು

ಗ್ರಾಮಫೋನ್ ತಟ್ಟೆಯ ನಡುವೆ ಅಂಟಿಸುತ್ತಿದ್ದ ದುಂಡು ಕಾಗದದಲ್ಲಿ ಜಾಗ ಕಡಿಮೆ. ಕಂಪನಿಯ ಮುದ್ರೆ, ಕ್ರಮಸಂಖ್ಯೆ, ಹಾಡಿನ ಮೊದಲ ಸಾಲು ಇಷ್ಟೂ ಸೇರಿದ ಮೇಲೆ ಒಂದು ಹೆಸರಿಗೆ ಮಾತ್ರ ಎಡೆ ಉಳಿಯುತ್ತಿತ್ತು. 1902ರಲ್ಲಿ ಕಲ್ಕತ್ತದಲ್ಲಿ ಗಾಯಕಿ ಗೌಹರ್ ಜಾನ್ ಹಾಡು ಮುಗಿಸಿ ತಮ್ಮ ಹೆಸರನ್ನು ತಾವೇ ಕೂಗಿ ಹೇಳಿದ್ದು ಪ್ರಸಿದ್ಧ. ತಟ್ಟೆ ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನವರಿಗೆ ಗುರುತು ಸಿಗಬೇಕಿತ್ತು. ಪಕ್ಕವಾದ್ಯದವರು ಹಾಗೆ ಕೂಗಲಿಲ್ಲ.

ಕರ್ನಾಟಕ ಸಂಗೀತದ ಕಛೇರಿಯ ಆಹ್ವಾನಪತ್ರಿಕೆ ಈ ವಿಷಯದಲ್ಲಿ ಉದಾರಿ. ಹಾಡುವವರ ಕೆಳಗೆ ಪಿಟೀಲು, ಮೃದಂಗ, ಘಟ ನುಡಿಸುವವರೆಲ್ಲ ಇರುತ್ತಾರೆ, ಅಕ್ಷರ ತುಸು ಸಣ್ಣದು. ತಂಬೂರಿ ಮೀಟುವವರಿಗೆ ಸಾಮಾನ್ಯವಾಗಿ ಅದೂ ಇಲ್ಲ.

ಸಿನಿಮಾ ಸಂಗೀತದ್ದು ಬೇರೆಯೇ ಕಥೆ. 1949ರ ‘ಮಹಲ್’ ಚಿತ್ರದ ‘ಆಯೇಗಾ ಆನೇವಾಲಾ’ ತಟ್ಟೆಯ ಮೇಲೆ ಗಾಯಕಿಯ ಜಾಗದಲ್ಲಿ ‘ಕಾಮಿನಿ’ ಎಂದು ಅಚ್ಚಾಗಿತ್ತು. ಕಾಮಿನಿ ಎಂಬುದು ಮಧುಬಾಲಾ ವಹಿಸಿದ ಪಾತ್ರ. ಹಾಡಿದವರು ಲತಾ ಮಂಗೇಶ್ಕರ್. ಈ ಕಾಮಿನಿ ಯಾರೆಂದು ಕೇಳುಗರು ರೇಡಿಯೊ ನಿಲಯವನ್ನು ವಿಚಾರಿಸತೊಡಗಿದ ಮೇಲೆಯೇ ನಿಜವಾದ ಹೆಸರು ಹೊರಬಂತು. ಸಂಗೀತ ನಿರ್ದೇಶಕರ ಜೋಡಿಹೆಸರು ಇನ್ನೊಂದು ಬಗೆಯ ಮುಸುಕು. ರಾಜನ್–ನಾಗೇಂದ್ರ ಎಂದರೆ ಅಣ್ಣತಮ್ಮಂದಿರಿಬ್ಬರಿಗೂ ಒಂದೇ ಸಹಿ. ಬೀಟಲ್ಸ್ ತಂಡದ ಲೆನನ್–ಮೆಕಾರ್ಟ್ನಿಯೂ ಹಾಗೆಯೇ: ಪಾಲ್ ಮೆಕಾರ್ಟ್ನಿ ಒಬ್ಬರೇ ಕಟ್ಟಿದ ‘ಯೆಸ್ಟರ್‌ಡೇ’ಗೂ ಇಬ್ಬರ ಹೆಸರೇ.

ಅತಿಥಿಗೆ ಹೆಸರು ಕೊಡುವ ಬಗ್ಗೆ ಪಾಪ್ ಸಂಗೀತ ಬಹುಕಾಲ ಜಿಪುಣತನ ತೋರಿತು. 1968ರಲ್ಲಿ ಬೀಟಲ್ಸ್ ಹಾಡಿಗೆ ಎರಿಕ್ ಕ್ಲ್ಯಾಪ್ಟನ್ ಗಿಟಾರ್ ನುಡಿಸಿದರೂ ಹೊದಿಕೆಯಲ್ಲಿ ಅವರ ಸುಳಿವಿಲ್ಲ. ಮರುವರ್ಷದ ‘ಗೆಟ್ ಬ್ಯಾಕ್’ ತಟ್ಟೆಯ ಮೇಲೆ ಮಾತ್ರ ‘ದಿ ಬೀಟಲ್ಸ್ ವಿತ್ ಬಿಲ್ಲಿ ಪ್ರೆಸ್ಟನ್’ ಎಂದು ಬಂತು. ನೃತ್ಯಸಂಗೀತದಲ್ಲಿ ಅನ್ಯಾಯ ಕಣ್ಣಿಗೇ ಕಾಣುವಂತಿತ್ತು. 1990ರ ‘ಗೊನ್ನಾ ಮೇಕ್ ಯು ಸ್ವೆಟ್’ನಲ್ಲಿ ಕಂಠ ಮಾರ್ಥಾ ವಾಶ್ ಅವರದು, ವಿಡಿಯೊದಲ್ಲಿ ತುಟಿ ಆಡಿಸಿದವರು ಬೇರೊಬ್ಬರು. ವಾಶ್ ದಾವೆ ಹೂಡಿ ತಮ್ಮ ಹೆಸರು ಪಡೆದರು.

‘ಫೀಚರಿಂಗ್’ ಎಂಬ ಪದ ಮನೆಮಾತಾದದ್ದು ಅದೇ ದಶಕದಲ್ಲಿ, ರ‍್ಯಾಪ್‌ನ ದೆಸೆಯಿಂದ. ಒಬ್ಬರ ಹಾಡಿನ ನಡುವೆ ಇನ್ನೊಬ್ಬರು ಬಂದು ಒಂದು ಚರಣ ಹೇಳಿ ಹೋಗುವುದು, ಆ ಇನ್ನೊಬ್ಬರ ಅಭಿಮಾನಿಗಳೂ ಹಾಡು ಕೊಳ್ಳುವುದು. ಔದಾರ್ಯಕ್ಕಿಂತ ವ್ಯಾಪಾರದ ಲೆಕ್ಕವೇ ಇದರಲ್ಲಿ ಹೆಚ್ಚು. ‘ಮತ್ತು’ ಎಂದರೆ ಸರಿಸಮಾನರು, ‘ಫೀಚರಿಂಗ್’ ಎಂದರೆ ಅತಿಥಿ.

ಹೆಸರು ಲೆಕ್ಕಾಚಾರ ಮಾತ್ರವಲ್ಲ, ಹಕ್ಕೂ ಹೌದು: ಭಾರತದಲ್ಲಿ 2012ರ ಕೃತಿಸ್ವಾಮ್ಯ ತಿದ್ದುಪಡಿ, ಪ್ರದರ್ಶನ ನೀಡಿದ ಕಲಾವಿದ ತಾನೇ ಅದನ್ನು ನೀಡಿದವನೆಂದು ಗುರುತಿಸಿಕೊಳ್ಳುವ ಹಕ್ಕನ್ನು ಕಾನೂನಿಗೆ ಸೇರಿಸಿತು.

ಅತಿಥಿಯ ಹೆಸರಿನ ಲೆಕ್ಕಕ್ಕೆ ಒಂದು ಉದಾಹರಣೆ: 2019ರಲ್ಲಿ ಹೆಸರಾದ ‘ಓಲ್ಡ್ ಟೌನ್ ರೋಡ್’ ಮೊದಲು ಲಿಲ್ ನ್ಯಾಸ್ ಎಕ್ಸ್ ಒಬ್ಬರದೇ ಹಾಡಾಗಿತ್ತು. ಬಿಲ್‌ಬೋರ್ಡ್ ಪತ್ರಿಕೆ ಅದನ್ನು ಕಂಟ್ರಿ ಸಂಗೀತದ ಪಟ್ಟಿಯಿಂದ ಕಿತ್ತುಹಾಕಿತು. ಬಳಿಕ ಕಂಟ್ರಿ ಗಾಯಕ ಬಿಲ್ಲಿ ರೇ ಸೈರಸ್ ಜೊತೆಗೂಡಿದರು, ಅವರ ಹೆಸರು ಶೀರ್ಷಿಕೆಯ ಪಕ್ಕಕ್ಕೇ ಬಂತು. ಹಾಡು 19 ವಾರ ಮುಖ್ಯ ಪಟ್ಟಿಯ ತುದಿಯಲ್ಲಿತ್ತು. ಅದರಲ್ಲಿ ಕೇಳುವ ಬ್ಯಾಂಜೊ ನೈನ್ ಇಂಚ್ ನೈಲ್ಸ್ ತಂಡದ 2008ರ ಧ್ವನಿಮುದ್ರಣದ ತುಣುಕು. ಆ ತಂಡದ ಟ್ರೆಂಟ್ ರೆಜ್ನರ್ ಮತ್ತು ಆಟಿಕಸ್ ರಾಸ್ ಇರುವುದು ಶೀರ್ಷಿಕೆಯಲ್ಲಲ್ಲ, ರಚನಕಾರರ ಪಟ್ಟಿಯಲ್ಲಿ.