ಹೊಳಗೇರು ತಾಗಿದರೆ ಏನು ಮಾಡಬೇಕು?



ದರಕು ಗುಡಿಸುವ ಕಾಲ ಬಂತು. ಶಾಲೆ ಬಿಟ್ಟ ಮೇಲೆ ಮತ್ತು ರವಿವಾರ ನಾವೆಲ್ಲ ಬುಟ್ಟಿ, ಹಗ್ಗ ತಗೊಂಡು ಬೆಟ್ಟಕ್ಕೆ ಹೋಗುತ್ತೇವೆ. ಒಣಗಿದ ಕಟ್ಟಿಗೆ ತರುತ್ತೇವೆ. ಇನ್ನು ಸ್ವಲ್ಪ ದಿನಕ್ಕೆ ಕವಳಿ ಹಣ್ಣು, ಮುರುಗಲ ಹಣ್ಣು ಅಂತ ಸುತ್ತುವುದು ಶುರು ಆಗುತ್ತದೆ. ಪ್ರತಿ ವರ್ಷ ಈ ದಿನಗಳಲ್ಲಿ ಯಾರಾದರೂ ಒಬ್ಬರು ಮುಖ ಬಾತುಕೊಂಡು, ಕೈತುಂಬ ಗುಳ್ಳೆ ಎದ್ದು ಶಾಲೆಗೆ ಬರುತ್ತಾರೆ. ಕೇಳಿದರೆ "ಹೊಳಗೇರು ತಾಗಿತು" ಅನ್ನುತ್ತಾರೆ. ಅದಕ್ಕೇ ಈ ಸಲದ ಗೋಡೆ ಪತ್ರಿಕೆಗೆ ಹೊಳಗೇರಿನ ಬಗ್ಗೆ ಬರೆದಿದ್ದೇನೆ. ಕೆಲವು ವಿಷಯ ಮನೆಯ ಹಿರಿಯರಿಂದ, ಕೆಲವು ವಿಜ್ಞಾನದ ಅಕ್ಕೋರಿಂದ ಕೇಳಿ ತಿಳಿದದ್ದು.

ಹೊಳಗೇರು ಸಹ್ಯಾದ್ರಿಯ ದಟ್ಟ ಕಾಡಿನ ಎತ್ತರದ ಮರ. ಇದಕ್ಕೆ ಕಾಡುಗೇರು ಅಂತಲೂ ಹೆಸರಿದೆ. ವಿಜ್ಞಾನಿಗಳು ಇದರ ಕುಲಕ್ಕೆ 'ಹೊಲಿಗಾರ್ನಾ' ಅಂತ ಹೆಸರಿಟ್ಟಿದ್ದಾರೆ. ಓದಿ ನೋಡಿದರೇ ತಿಳಿಯುತ್ತದೆ, ಅದು ನಮ್ಮ ಕನ್ನಡದ ಹೆಸರಿನಿಂದಲೇ ಬಂದದ್ದು. ದಾಂಡೇಲಿ, ಹಳಿಯಾಳದ ಕಡೆಯ ಒಣ ಕಾಡಿನಲ್ಲಿ ಇದರ ದಾಯಾದಿ ಇನ್ನೊಂದು ಮರ ಇದೆ, ಕರಿಗೇರು. ಕೊಂಕಣಿ ಮಾತಾಡುವ ಮನೆಗಳಲ್ಲಿ ಬಿಬ್ಬೊ ಅನ್ನುತ್ತಾರೆ. ನಾವು ತಿನ್ನುವ ಗೋಡಂಬಿ ಮತ್ತು ಮಾವು ಕೂಡ ಇದೇ ಕುಟುಂಬದವು. ಮಾವಿನಕಾಯಿ ಕಿತ್ತಾಗ ತೊಟ್ಟಿನಿಂದ ಸೊನೆ ಹಾರಿ ತುಟಿ ಸುಟ್ಟುಕೊಂಡವರು ನಮ್ಮಲ್ಲಿ ಬಹಳ ಜನ ಇದ್ದೀರಿ. ಗೇರುಬೀಜ ಸುಡುವಾಗ ಸಿಪ್ಪೆಯ ಎಣ್ಣೆ ಸಿಡಿದರೆ ಕೈ ಕಪ್ಪಾಗಿ ಚರ್ಮ ಸುಲಿಯುತ್ತದೆ. ಹೊಳಗೇರಿನದು ಇವೆರಡಕ್ಕಿಂತ ಜೋರು.

ಅಮೇರಿಕದಲ್ಲಿ ಪಾಯಿಸನ್ ಐವಿ ಅಂತ ಒಂದು ಬಳ್ಳಿ ಇದೆ. ಅಲ್ಲಿಯ ಮಕ್ಕಳಿಗೆ ಅದನ್ನು ಕಂಡರೆ ಬಹಳ ಹೆದರಿಕೆ. ಅದೂ ಇದೇ ಕುಟುಂಬದ್ದು. ಅದರ ರಸದಲ್ಲಿ ಉರುಶಿಯಾಲ್ ಅನ್ನುವ ಎಣ್ಣೆ ಇರುತ್ತದೆ. ಜಪಾನಿನಲ್ಲಿ ಪೆಟ್ಟಿಗೆ, ಬಟ್ಟಲುಗಳಿಗೆ ಹಚ್ಚುವ ಕಪ್ಪು ಮೆರುಗು 'ಉರುಶಿ' ಎಂಬ ಮರದ ಸೊನೆಯಿಂದ ಆಗುತ್ತದೆ. ಈ ಎಣ್ಣೆಗೆ ಆ ಮರದ ಹೆಸರನ್ನೇ ಇಟ್ಟಿದ್ದಾರೆ. ನಮ್ಮ ಹೊಳಗೇರು, ಕರಿಗೇರಿನಲ್ಲಿ ಇರುವುದೂ ಇದೇ ಜಾತಿಯ ಎಣ್ಣೆ. ಗಾಳಿ ತಾಗಿದರೆ ಅದು ಕಪ್ಪಾಗುತ್ತದೆ. ನಮಗೆ ಮರದ ಗುರುತು ಸಿಗುವುದೂ ಅದರಿಂದಲೇ.

ಗುರುತು ಹೇಗೆ ಹಿಡಿಯುವುದು? ಹೊಳಗೇರಿನ ಬೂದು ತೊಗಟೆಯ ಮೇಲೆ, ಗಾಯ ಆದಲ್ಲೆಲ್ಲ ಕರಿ ಡಾಂಬರು ಇಳಿದ ಹಾಗೆ ಕಪ್ಪು ಕಲೆ ಇರುತ್ತದೆ. ಎಲೆಗಳು ಟೊಂಗೆಯ ತುದಿಯಲ್ಲಿ ಗುಂಪಾಗಿ ಇರುತ್ತವೆ. ಒಂದೊಂದು ಎಲೆಯೂ ಉದ್ದ, ತುದಿಯ ಕಡೆ ಅಗಲ, ತೊಟ್ಟಿನ ಕಡೆ ಸಪೂರ. ತೊಟ್ಟಿನ ಮೇಲೆ ಎರಡು ಪಕ್ಕದಲ್ಲಿ ಮುಳ್ಳಿನಂಥ ಸಣ್ಣ ಕೊಕ್ಕೆ ಇರುತ್ತವೆ. (ಅವನ್ನು ನೋಡಲು ಎಲೆ ಕಿತ್ತು ಕೈಯಲ್ಲಿ ಹಿಡಿಯಬೇಡಿ ಮತ್ತೆ!) ಕರಿಗೇರಿನ ಕಾಯಿ ಗೋಡಂಬಿಯ ಹಾಗೇ, ಕೆಳಗೆ ಕಪ್ಪು ಬೀಜ, ಮೇಲೆ ಕಿತ್ತಳೆ ಬಣ್ಣದ ಹಣ್ಣು. ದೊಡ್ಡ ಮರ ಎಲ್ಲರಿಗೂ ಗೊತ್ತಾಗುತ್ತದೆ. ಮೋಸ ಆಗುವುದು ಮೊಣಕಾಲೆತ್ತರದ ಸಸಿಯಿಂದ. ಸೊಪ್ಪು ಕೊಯ್ಯುವಾಗ ಬೇರೆ ಗಿಡದ ಜೊತೆ ಅದೂ ಕತ್ತಿಗೆ ಸಿಕ್ಕಿಬಿಡುತ್ತದೆ. ಉದುರಿದ ಒಣ ಎಲೆಯಲ್ಲೂ ಎಣ್ಣೆ ಉಳಿದಿರುತ್ತದೆ. ಆದ್ದರಿಂದ ಆ ಮರದ ಬುಡದಲ್ಲಿ ದರಕು ಗುಡಿಸುವುದೇ ಬೇಡ.

ಈಗ ಮುಖ್ಯ ವಿಷಯ. ಹೊಳಗೇರಿನ ರಸ ತಾಗಿದ ಕೂಡಲೇ ಬಹಳ ಸಲ ಏನೂ ಗೊತ್ತಾಗುವುದಿಲ್ಲ. ಉರಿಯೂ ಇಲ್ಲ, ತುರಿಕೆಯೂ ಇಲ್ಲ. ನಾವು ಹಾಯಾಗಿ ಮನೆಗೆ ಬಂದು ಊಟ ಮಾಡಿ ಮಲಗುತ್ತೇವೆ. ಒಂದೆರಡು ದಿನ ಬಿಟ್ಟು ಕೆಂಪಾಗಿ, ಬಾತು, ನೀರುಗುಳ್ಳೆ ಏಳುತ್ತವೆ. ಇದು ಹಾವಿನ ವಿಷದ ಹಾಗೆ ಅಲ್ಲ. ಎಣ್ಣೆ ಚರ್ಮದೊಳಗೆ ಸೇರಿದ ಮೇಲೆ ನಮ್ಮ ಮೈಯೇ ಅದನ್ನು ವೈರಿ ಅಂತ ತಿಳಿದು ಹೋರಾಡುತ್ತದೆ. ಗುಳ್ಳೆ ಆ ಹೋರಾಟದಿಂದ ಬಂದದ್ದು. ಇದಕ್ಕೆ ಅಲರ್ಜಿ ಅನ್ನುತ್ತಾರೆ. ಮೊದಲ ಸಲ ತಾಗಿದಾಗ ಏನೂ ಆಗದೇ ಇರಬಹುದು, ಆದರೆ ಮೈ ನೆನಪು ಇಟ್ಟುಕೊಳ್ಳುತ್ತದೆ. ಎರಡನೇ ಸಲ ಬಿಡುವುದಿಲ್ಲ. "ನನಗೆ ಹೊಳಗೇರು ಏನೂ ಮಾಡೂದಿಲ್ಲ, ಹೋದ ವರ್ಷ ಮುಟ್ಟಿದ್ದೆ" ಅಂತ ಶೂರತನ ತೋರಿಸುವವರು ಇದನ್ನು ಎರಡು ಸಲ ಓದ್ರಿ.

ಹಾಗಾದರೆ ತಾಗಿದ ಕೂಡಲೇ ಏನು ಮಾಡಬೇಕು? ತೊಳೆಯಬೇಕು. ಹತ್ತು ನಿಮಿಷದೊಳಗೆ ತೊಳೆದರೆ ಬಹಳ ಒಳ್ಳೆಯದು. ತಡ ಆದಷ್ಟೂ ಎಣ್ಣೆ ಒಳಗೆ ಇಳಿಯುತ್ತದೆ, ಆಮೇಲೆ ತೊಳೆದರೂ ಪ್ರಯೋಜನ ಕಡಿಮೆ. ಬರೇ ನೀರು ಸಾಲದು. ಎಣ್ಣೆ ಹಿಡಿದ ಬೋಗುಣಿಯನ್ನು ಬರೇ ನೀರಿನಲ್ಲಿ ತೊಳೆದರೆ ಹೋಗುತ್ತದೆಯೇ? ಸಾಬೂನು ಬೇಕು. ಇಲ್ಲವಾದರೆ ಅಂಟವಾಳಕಾಯಿ, ಶೀಗೇಕಾಯಿ ಆದರೂ ಆದೀತು, ಅವುಗಳಲ್ಲೂ ನೊರೆ ಬರುವ ಗುಣ ಇದೆ. ತಣ್ಣೀರಿನಲ್ಲಿ ಮೂರು ನಾಲ್ಕು ಸಲ ತೊಳೆಯಬೇಕು. ಉಗುರಿನ ಸಂದಿ ಮರೆಯಬಾರದು. ಕೈ ತೊಳೆಯುವ ಮೊದಲು ಕಣ್ಣು, ಮುಖ ಮುಟ್ಟಬಾರದು. ಬೆಟ್ಟಕ್ಕೆ ಹೋಗುವಾಗ ಒಂದು ಸಾಬೂನಿನ ತುಂಡನ್ನು ಎಲೆಯಲ್ಲಿ ಸುತ್ತಿ ಬುಟ್ಟಿಯಲ್ಲಿ ಇಟ್ಟುಕೊಂಡರೆ ಹಳ್ಳದ ಹತ್ತಿರವೇ ಕೆಲಸ ಮುಗಿಯುತ್ತದೆ.

ಹಿರಿಯರು ಕೊಬ್ಬರಿ ಎಣ್ಣೆ ಹಚ್ಚುತ್ತಾರೆ, ಹುಣಸೆ ಎಲೆ ಕುದಿಸಿದ ನೀರಿನಲ್ಲಿ ತೊಳೆಯುತ್ತಾರೆ, ಕೊತ್ತಂಬರಿ ಸೊಪ್ಪು ಅರೆದು ಹಚ್ಚುವುದೂ ಇದೆ. ಇವು ಉರಿಗೆ ತಂಪು ಕೊಡುತ್ತವೆ. ಆದರೆ ಸಾಬೂನಿಗಿಂತ ಮೊದಲು ಎಣ್ಣೆ ಹಚ್ಚಿ ತಿಕ್ಕಿದರೆ ಹೊಳಗೇರಿನ ಎಣ್ಣೆ ಅದರಲ್ಲಿ ಕರಗಿ ಇನ್ನೂ ಅಗಲಕ್ಕೆ ಹರಡುತ್ತದೆ. ಮೊದಲು ಸಾಬೂನು, ಆಮೇಲೆ ಬೇರೆ ಎಲ್ಲ. ಕೇರಳದ ಕಡೆ ಈ ಜಾತಿಯ ಮರ ತಾಗಿದರೆ ತಾರೆ ಮರಕ್ಕೆ ಸುತ್ತು ಬರುವ ರೂಢಿ ಇದೆಯಂತೆ. ಸುತ್ತು ಬಂದರೆ ಕೆಟ್ಟದ್ದೇನೂ ಆಗದು, ಆದರೆ ಮೊದಲು ಬಾವಿಕಟ್ಟೆಗೆ ಹೋಗಿ ಬರುವುದು ಒಳ್ಳೆಯದು.

ಗುಳ್ಳೆ ಎದ್ದ ಮೇಲೆ ಕೆರೆಯಬಾರದು, ಒಡೆಯಬಾರದು. ಒಡೆದರೆ ಕೀವು ಆಗುತ್ತದೆ. ತಣ್ಣೀರಿನ ಬಟ್ಟೆ ಇಡಬೇಕು. ಅಂಗಡಿಯಲ್ಲಿ ಸಿಗುವ ಗುಲಾಬಿ ಬಣ್ಣದ ಕ್ಯಾಲಮೈನ್ ಲೋಶನ್ ಹಚ್ಚಬಹುದು. ಎರಡು ಮೂರು ವಾರದಲ್ಲಿ ತಾನೇ ಮಾಯುತ್ತದೆ. ಕಣ್ಣು, ಮುಖ ಬಾತರೆ, ಕೀವು ಅಥವಾ ಜ್ವರ ಬಂದರೆ ಮನೆಮದ್ದು ಮಾಡುತ್ತಾ ಕೂಡ್ರದೆ ಆಸ್ಪತ್ರೆಗೆ ಹೋಗಬೇಕು. ಉಸಿರಾಡಲು ಕಷ್ಟ ಆದರಂತೂ ಒಂದು ಗಳಿಗೆಯೂ ತಡ ಮಾಡಬಾರದು. ಕರಿಗೇರಿನ ಬೀಜವನ್ನು ವೈದ್ಯರು ಇಟ್ಟಿಗೆ ಪುಡಿಯಲ್ಲಿ ಶುದ್ಧಿ ಮಾಡಿ ಔಷಧಿಗೆ ಬಳಸುತ್ತಾರೆ. ಅದನ್ನು ಕೇಳಿ ನಾವು ಬಾಯಿಗೆ ಹಾಕಬಾರದು.

ಇನ್ನೊಂದು ಮಾತು ಹೇಳಲೇಬೇಕು. ಗುಳ್ಳೆ ಎದ್ದ ಒಬ್ಬ ಹುಡುಗನ ಪಕ್ಕ ಯಾರೂ ಕೂಡ್ರಲಿಲ್ಲ. ಅವನ ಜೊತೆ ಊಟಕ್ಕೂ ಕೂಡ್ರಲಿಲ್ಲ. ಅವನು ನಾಲ್ಕು ದಿನ ಶಾಲೆಗೇ ಬರಲಿಲ್ಲ. ಇದು ತಪ್ಪು. ಹೊಳಗೇರು ಒಬ್ಬರಿಂದ ಒಬ್ಬರಿಗೆ ಹತ್ತುವ ರೋಗ ಅಲ್ಲ. ಗುಳ್ಳೆಯ ನೀರಿನಲ್ಲಿ ಮರದ ಎಣ್ಣೆ ಇರುವುದಿಲ್ಲ. ಅದು ನಮ್ಮ ಮೈಯದೇ ನೀರು. ಹಾಗಾದರೆ ಮನೆಯಲ್ಲಿ ಮತ್ತೊಬ್ಬರಿಗೆ ಹೇಗೆ ಬರುತ್ತದೆ? ತೊಳೆಯದ ಅಂಗಿಯಿಂದ, ಕತ್ತಿಯ ಹಿಡಿಯಿಂದ, ಹಗ್ಗದಿಂದ, ಕಾಡು ಸುತ್ತಿ ಬಂದ ನಾಯಿಯ ಮೈಯಿಂದ. ಎಣ್ಣೆ ಬಟ್ಟೆಯಲ್ಲಿ ಬಹಳ ದಿನ ಇರುತ್ತದೆ. ಹಿಂದೆ ಅಗಸರು ಯಾರ ಬಟ್ಟೆ ಯಾವುದು ಅಂತ ಗುರುತು ಹಾಕಲು ಕರಿಗೇರಿನ ರಸವನ್ನೇ ಶಾಯಿ ಮಾಡುತ್ತಿದ್ದರು, ಎಷ್ಟು ಒಗೆದರೂ ಹೋಗುವುದಿಲ್ಲ ಅಂತ. ಎರಡನೇ ಮಹಾಯುದ್ಧದಲ್ಲಿ (೧೯೩೯–೪೫) ನಮ್ಮ ದೇಶಕ್ಕೆ ಬಂದಿದ್ದ ಪರದೇಶದ ಸೈನಿಕರಿಗೆ ಅಂಗಿಯ ಗುರುತು ತಾಗುವ ಜಾಗದಲ್ಲೇ, ಕುತ್ತಿಗೆಯ ಹಿಂದೆ, ತುರಿಕೆ ಎದ್ದಿತ್ತು. ಅವರು ಮರವನ್ನು ಕಣ್ಣಿಂದಲೂ ನೋಡಿರಲಿಲ್ಲ! ಆದ್ದರಿಂದ ದೂರ ಇಡಬೇಕಾದದ್ದು ಹುಡುಗನನ್ನಲ್ಲ, ಅವನ ಬಟ್ಟೆಯನ್ನು. ಅದನ್ನು ಬೇರೆಯಾಗಿ ಸಾಬೂನು ಹಾಕಿ ಒಗೆಯಬೇಕು. ಕತ್ತಿ, ಹಗ್ಗ, ಬುಟ್ಟಿಯನ್ನೂ ತೊಳೆಯಬೇಕು.

"ಮರಾನೇ ಕಡಿದು ಹಾಕಿದರೆ ಮುಗೀತಲ್ಲ" ಅಂತ ಕೆಲವರು ಕೇಳುತ್ತಾರೆ. ಕಡಿಯುವಾಗಲೇ ಎಲ್ಲಕ್ಕಿಂತ ಹೆಚ್ಚು ರಸ ಸಿಡಿಯುತ್ತದೆ. ಅಲ್ಲದೆ ನಮ್ಮ ಸುತ್ತಲಿನ ಕಾಡು ಕಾಳಿ ಹುಲಿ ಸಂರಕ್ಷಿತ ಪ್ರದೇಶ (೨೦೦೭ರಲ್ಲಿ ಆದಾಗ ಅದರ ಹೆಸರು ಅಣಶಿ-ದಾಂಡೇಲಿ ಅಂತ ಇತ್ತು, ೨೦೧೫ರಲ್ಲಿ ಕಾಳಿ ಆಯಿತು). ಅಲ್ಲಿ ಮರ ಕಡಿಯುವ ಹಾಗಿಲ್ಲ. ಮನೆಯ ಬೇಲಿಯಲ್ಲಿ ಸಣ್ಣ ಸಸಿ ಎದ್ದರೆ ಮಳೆಗಾಲದಲ್ಲಿ ಮಣ್ಣು ಮೆತ್ತಗಿದ್ದಾಗ ದೊಡ್ಡವರು ಕೈಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬೇರು ಸಮೇತ ಕೀಳಬಹುದು. ಕಿತ್ತದ್ದನ್ನು ಗುಂಡಿ ತೆಗೆದು ಹುಗಿಯಬೇಕು.

ಯಾವ ಕಾರಣಕ್ಕೂ ಸುಡಬಾರದು. ಹೊಗೆಯ ಜೊತೆ ಎಣ್ಣೆ ಹೋಗಿ ಕಣ್ಣು, ಗಂಟಲು, ಶ್ವಾಸಕೋಶಕ್ಕೆ ತಾಗುತ್ತದೆ. ಕೈಗೆ ತಾಗಿದ್ದನ್ನು ತೊಳೆಯಬಹುದು, ಶ್ವಾಸಕೋಶವನ್ನು ತೊಳೆಯಲು ಬರುವುದಿಲ್ಲ. ಈಗ ಹೋಳಿ ಹತ್ತಿರ ಬರುತ್ತಿದೆ. ಹುಡುಗರು ಕತ್ತಲೆಯಲ್ಲಿ ಸಿಕ್ಕಿದ ಕಟ್ಟಿಗೆಯನ್ನೆಲ್ಲ ಎಳೆದು ತಂದು ಒಟ್ಟುತ್ತಾರೆ. ಈ ಸಲ ಬೆಳಕು ಇರುವಾಗಲೇ ಕಟ್ಟಿಗೆ ತನ್ನಿ. ಮರ ಗುರುತಿಸಲು ಬರುವ ಹಿರಿಯರೊಬ್ಬರಿಗೆ ತೋರಿಸಿ. ಕಪ್ಪು ಕಲೆ ಇಳಿದ ತುಂಡು ಕಂಡರೆ ಮುಟ್ಟದೆ ಅಲ್ಲೇ ಬಿಟ್ಟು ಬನ್ನಿ.