ಹಡಗು ತಪ್ಪಿದ ಅಂಗಿಗಳು

ತಿರುಪ್ಪೂರು ರೈಲು ನಿಲ್ದಾಣದಿಂದ ಖಾದರ್‌ಪೇಟೆಗೆ ನಡೆದೇ ಹೋಗಬಹುದು. ಬೆಂಗಳೂರಿಗೂ ಕೇರಳಕ್ಕೂ ನಡುವೆ ಓಡುವ ರಾತ್ರಿ ಗಾಡಿಗಳು ಇಲ್ಲಿ ನಿಲ್ಲುತ್ತವೆ. ಇಳಿಯುವವರಲ್ಲಿ ಕೆಲವರ ಕಂಕುಳಲ್ಲಿ ಮಡಚಿದ ಖಾಲಿ ಚೀಲಗಳಿರುತ್ತವೆ. ಚಹಾ ಕುಡಿದು, ಮುಖ ತೊಳೆದು, ಅಂಗಡಿ ತೆರೆಯುವ ಹೊತ್ತಿಗೆ ಅವರು ಬೀದಿಯ ಬಾಯಲ್ಲಿ ನಿಂತಿರುತ್ತಾರೆ. ಬೀದಿ ಕಿರಿದು. ಎರಡೂ ಬದಿಯಲ್ಲಿ ಎದೆಯೆತ್ತರಕ್ಕೆ ಬನಿಯನ್ನು, ಟೀ ಶರ್ಟು, ಹಸುಗೂಸಿನ ಅಂಗಿಗಳ ರಾಶಿ. ಬೇಸಿಗೆಯ ಸುಡುಬಿಸಿಲಿನಲ್ಲೂ ರಾಶಿಯೊಳಗಿಂದ ಯುರೋಪಿನ ಚಳಿಗೆಂದು ಹೊಲಿದ ಉದ್ದ ತೋಳಿನ ಉಡುಪು ಹೊರಬರುತ್ತದೆ. ಎದೆಯ ಮೇಲೆ ಹಿಮ, ಜಿಂಕೆ, ಕ್ರಿಸ್‌ಮಸ್ ಮರ. ಕತ್ತಿನ ಒಳಗೆ ಬ್ರಾಂಡಿನ ಚೀಟಿ ಇದ್ದ ಕಡೆ ಕತ್ತರಿ ಆಡಿದ ಗುರುತು.

ಇವೆಲ್ಲ ತೂತ್ತುಕುಡಿ ಬಂದರಿನಲ್ಲಿ ಹಡಗು ಹತ್ತಬೇಕಿದ್ದ ಬಟ್ಟೆಗಳು. ಭಾರತದಿಂದ ಹೊರದೇಶಕ್ಕೆ ಹೋಗುವ ಹತ್ತಿಯ ಹೆಣಿಗೆ ಉಡುಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದು ಊರಿನದು. 2024-25ರಲ್ಲಿ ಇಲ್ಲಿಯ ರಫ್ತು ಸುಮಾರು 40,000 ಕೋಟಿ ರೂಪಾಯಿ ಮುಟ್ಟಿತು. ಅಷ್ಟು ಹೊಲಿಯುವಲ್ಲಿ ಒಂದಿಷ್ಟು ಮಿಗುತ್ತದೆ, ಒಂದಿಷ್ಟು ಕೆಡುತ್ತದೆ. ಕೆಟ್ಟರೆ ಇರಲಿ ಎಂದು ಕಂಪನಿಗಳು ಕೇಳಿದ್ದಕ್ಕಿಂತ ತುಸು ಹೆಚ್ಚೇ ಹೊಲಿದಿರುತ್ತವೆ. ಮಿಕ್ಕಿದ್ದು ಸರ್‌ಪ್ಲಸ್, ತಪ್ಪಿರುವುದು ಸೆಕೆಂಡ್ಸ್, ಆರ್ಡರೇ ರದ್ದಾಗಿ ಉಳಿದದ್ದು ಕ್ಯಾನ್ಸಲ್ ಲಾಟ್. ಮೂರೂ ಬಂದು ಸೇರುವುದು ಖಾದರ್‌ಪೇಟೆಗೆ. ಬೆಲೆ ಮಾತ್ರ ಒಂದೊಂದಕ್ಕೂ ಬೇರೆ.

ಒಳ್ಳೆಯ ಅಂಗಿ ಸೆಕೆಂಡ್ಸ್ ಆಗುವ ಬಗೆಯನ್ನು ತಿಳಿದರೆ ಈ ಬೀದಿ ಅರ್ಥವಾಗುತ್ತದೆ. ಹಡಗಿಗೆ ಕಳಿಸುವ ಮೊದಲು ಖರೀದಿದಾರರ ಕಡೆಯವರು ಬಂದು ಮಾಲು ತಪಾಸಣೆ ಮಾಡುತ್ತಾರೆ. ಅದಕ್ಕೆ ಜಗತ್ತೆಲ್ಲ ಒಪ್ಪಿದ ಒಂದು ಕೋಷ್ಟಕ ಇದೆ, ಎ.ಕ್ಯೂ.ಎಲ್. ಎನ್ನುತ್ತಾರೆ. 5,000 ಅಂಗಿಗಳ ಲಾಟಿನಲ್ಲಿ ಅಲ್ಲೊಂದು ಇಲ್ಲೊಂದು ಎಂದು 200 ಅಂಗಿಗಳನ್ನು ಆರಿಸುತ್ತಾರೆ. ದೊಡ್ಡ ದೋಷಗಳಿಗೆ ಸಾಮಾನ್ಯವಾಗಿ ಹಿಡಿಯುವ 2.5ರ ಅಳತೆಯಲ್ಲಿ, ಆ 200ರಲ್ಲಿ ಹತ್ತರವರೆಗೆ ದೋಷ ಕಂಡರೆ ಲಾಟ್ ಪಾಸು. ಹನ್ನೊಂದನೆಯದು ಸಿಕ್ಕಿತೋ, 5,000ವೂ ಫೇಲು. ಆಮೇಲೆ ಒಂದೊಂದನ್ನೂ ಬಿಡಿಸಿ ನೋಡಿ, ಕೆಟ್ಟದ್ದನ್ನು ತೆಗೆದು, ಮತ್ತೆ ತಪಾಸಣೆಗೆ ಒಡ್ಡಬೇಕು. ಅಷ್ಟರಲ್ಲಿ ಹಡಗು ಹೊರಟಿರುತ್ತದೆ. ಆಗ ಮಾಲೀಕನ ಮುಂದೆ ಉಳಿಯುವುದು ಕೈಯಿಂದ ದುಡ್ಡು ಹಾಕಿ ವಿಮಾನದಲ್ಲಿ ಕಳಿಸುವ ದಾರಿ, ಇಲ್ಲವೆ ಬೆಲೆ ಇಳಿಸಿಕೊಳ್ಳುವ ದಾರಿ. ಎರಡೂ ಕೂಡಿಬರದಿದ್ದರೆ ಖಾದರ್‌ಪೇಟೆ.

ಅಂದರೆ ಇಲ್ಲಿ ಬಿದ್ದಿರುವ ರಾಶಿಯಲ್ಲಿ ನಿಜವಾಗಿ ಕೆಟ್ಟ ಅಂಗಿಗಳಲ್ಲದೆ, ಏನೂ ತಪ್ಪಿಲ್ಲದೆ ಜೊತೆಯವುಗಳ ದೆಸೆಯಿಂದ ಉಳಿದ ಅಂಗಿಗಳೂ ಇರುತ್ತವೆ. ಅವನ್ನು ಹೆಕ್ಕುವುದೇ ಇಲ್ಲಿಗೆ ಬರುವವರ ವಿದ್ಯೆ. ಸಂತೆ ವ್ಯಾಪಾರಕ್ಕೆಂದು ಕೊಳ್ಳಲು ಬಂದ ಉತ್ತರ ಕರ್ನಾಟಕದ ಹೆಂಗಸೊಬ್ಬರು ಅಂಗಿಯನ್ನು ನೋಡುವ ಕ್ರಮ ಗಮನಿಸಿದರೆ ಅದು ಕಾಣುತ್ತದೆ. ಮೊದಲು ಬೆಲೆ ಕೇಳುವುದಿಲ್ಲ. ಬೆಳಕಿಗೆ ಹಿಡಿದು ಹೆಣಿಗೆಯಲ್ಲಿ ಎಳೆ ಬಿಟ್ಟಿದೆಯೇ ನೋಡುತ್ತಾರೆ. ಬಗಲಿನ ಹೊಲಿಗೆಯನ್ನು ಎರಡೂ ಕೈಯಿಂದ ಅಡ್ಡ ಎಳೆದು, ಸೂಜಿ ಕಚ್ಚಿದ ತೂತು ದೊಡ್ಡದಾಗುವುದೇ ಎಂದು ಪರೀಕ್ಷಿಸುತ್ತಾರೆ. ಎರಡು ತೋಳುಗಳನ್ನು ಒಂದರ ಮೇಲೊಂದು ಇಟ್ಟು ಉದ್ದ ಅಳೆಯುತ್ತಾರೆ. ಮೈಯ ಬಣ್ಣಕ್ಕೂ ತೋಳಿನ ಬಣ್ಣಕ್ಕೂ ಕೂದಲೆಳೆಯ ವ್ಯತ್ಯಾಸವಿದ್ದರೆ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಗೊತ್ತಾಗದು. ಅದಕ್ಕೇ ಬಾಗಿಲ ಹೊರಗೆ ಬಂದು ನಿಲ್ಲುತ್ತಾರೆ.

“ಅಣ್ಣಾ, ಇದ್ರಾಗ ಏನ್ ಕಂಪ್ಲೇಂಟ್ ಐತಿ?”

“ಆಯಿಲ್ ಕಲೆ ಅಕ್ಕಾ, ಕಾಲರ್ ಹತ್ರ ನೋಡಿ. ಒಗೆದ್ರೆ ಹೋಗತ್ತೆ. ಅದೋ ಆ ಲಾಟ್‌ದು ಅಳತೆ ತಪ್ಪು, ಅದು ಬೇಡ ನಿಮಗೆ.”

ಅಂಗಡಿಯವನ ಕನ್ನಡ ವ್ಯಾಪಾರದಲ್ಲಿ ಕಲಿತದ್ದಲ್ಲ, ಮನೆಮಾತು. ಕೊಯಮತ್ತೂರು ಸೀಮೆಯ ದೇವಾಂಗ ನೇಕಾರರ ಮನೆಗಳಲ್ಲಿ ತಲೆಮಾರುಗಳಿಂದ ಕನ್ನಡ ಉಳಿದುಬಂದಿದೆ. ಆದರೆ ಆ ಮಾತಿನಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡದ್ದು ಕೊನೆಯ ಎರಡು ಪದ: ಬೇಡ ನಿಮಗೆ. ಹಾಳಾದ ಸರಕಿನ ವ್ಯಾಪಾರ ನಿಲ್ಲುವುದೇ ದೋಷವನ್ನು ಬಾಯಿಬಿಟ್ಟು ಹೇಳುವುದರ ಮೇಲೆ. ಮುಚ್ಚಿಟ್ಟು ಮಾರಿದವನ ಹತ್ತಿರ ಅದೇ ಚೀಲ ಮತ್ತೊಮ್ಮೆ ಬರುವುದಿಲ್ಲ.

ಈ ಅಗ್ಗದ ಲೆಕ್ಕಕ್ಕೆ ಇನ್ನೊಂದು ಪುಟವಿದೆ. ರಫ್ತು ಕಂಪನಿ ಎಲ್ಲವನ್ನೂ ತಾನೇ ಹೊಲಿಯುವುದಿಲ್ಲ. ಹತ್ತು, ಇಪ್ಪತ್ತು ಮೆಷಿನ್ ಇಟ್ಟುಕೊಂಡ ಜಾಬ್‌ವರ್ಕ್ ಘಟಕಗಳಿಗೆ ಕೊಡುತ್ತದೆ. ಲಾಟ್ ಫೇಲಾದರೆ ಕಂಪನಿ ಅವರ ಹೆಸರಿಗೆ ಡೆಬಿಟ್ ನೋಟ್ ಬರೆಯಬಹುದು. ಹೊಲಿದ ಕೂಲಿ ಹೋಗುವುದಲ್ಲದೆ ಬಟ್ಟೆಯ ಬೆಲೆಯೂ ತಲೆಗೆ ಬರಬಹುದು. ನಾವು ಸಂತೆಯಲ್ಲಿ ಉಳಿಸಿದ ನೂರು ರೂಪಾಯಿ ಹಾಗೆ ಒಬ್ಬ ಸಣ್ಣ ಮಾಲೀಕನ ಖಾತೆಯಿಂದ ಹೊರಟು ಬಂದಿರುತ್ತದೆ. ಇದನ್ನು ತಿಳಿದ ಮೇಲೆ ಸೆಕೆಂಡ್ಸ್ ಅಂಗಿಯನ್ನು ಕೀಳು ಮಾಲು ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಒಂದು ಹತ್ತಿ ಟೀ ಶರ್ಟಿಗೆ ಬೆಳೆಯಿಂದ ಬಣ್ಣದವರೆಗೆ ಸುಮಾರು 2,700 ಲೀಟರ್ ನೀರು ಬೇಕೆಂಬ ಅಂದಾಜಿದೆ. ಈ ಊರಿನ ನೊಯ್ಯಲ್ ನದಿ ಬಣ್ಣದ ನೀರು ಹೊತ್ತು ಹರಿದು, ಕೆಳಗಿನ ಒರತ್ತುಪಾಳಯಂ ಅಣೆಕಟ್ಟೆಯ ನೀರು ಹೊಲಕ್ಕೂ ಬಾರದಂತಾಗಿ, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಬಣ್ಣದ ಕಾರ್ಖಾನೆಗಳನ್ನೇ ಮುಚ್ಚಿಸಿತು. ಅಷ್ಟು ಬೆಲೆ ತೆತ್ತು ಹುಟ್ಟಿದ ಅಂಗಿ ಒಂದು ಎಣ್ಣೆ ಕಲೆಗೆ ಕಸವಾಗಬಾರದು. ಇಲ್ಲಿ ಆಗುವುದೂ ಇಲ್ಲ. ಕತ್ತರಿಸಿ ಉಳಿದ ಚೂರುಗಳನ್ನೂ ಕಿಲೋ ಲೆಕ್ಕದಲ್ಲಿ ಕೊಳ್ಳುವವರಿದ್ದಾರೆ. ಅದು ಮತ್ತೆ ನೂಲಾಗುತ್ತದೆ, ವರ್ಕ್‌ಶಾಪುಗಳಲ್ಲಿ ಕೈ ಒರೆಸುವ ವೇಸ್ಟ್ ಆಗುತ್ತದೆ.

ಪಲ್ಲಡಂ, ಸೋಮನೂರು ಕಡೆಗೆ ಹೋದರೆ ರಿಯಾಯಿತಿಯ ಇನ್ನೊಂದು, ಕಹಿಯಾದ ರೂಪ ಇದೆ. ಅಲ್ಲಿ ಮಾರಾಟಕ್ಕೆ ಬರುವುದು ಮಗ್ಗ. 2022ರ ಜನವರಿಯಲ್ಲಿ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಪವರ್‌ಲೂಮ್ ನೇಕಾರರು ಕೂಲಿ ಹೆಚ್ಚಳಕ್ಕಾಗಿ ವಾರಗಟ್ಟಲೆ ಮಗ್ಗ ನಿಲ್ಲಿಸಿದ್ದರು. ಕೂಲಿ ಸಾಲದೆ, ಕರೆಂಟು ಬಿಲ್ಲು ಕಟ್ಟಲಾಗದೆ ಮಗ್ಗವನ್ನೇ ಗುಜರಿಗೆ ತೂಕ ಹಾಕಿದವರಿದ್ದಾರೆ. ಸಾಲ ಹೆಚ್ಚಿದ್ದಲ್ಲಿ ಬ್ಯಾಂಕು ಬರುತ್ತದೆ. 2002ರ ಸರ್ಫೇಸಿ ಕಾಯ್ದೆಯಂತೆ 60 ದಿನಗಳ ನೋಟಿಸು, ಆಮೇಲೆ ಜಪ್ತಿ, ಆಮೇಲೆ ಪತ್ರಿಕೆಯಲ್ಲಿ ಹರಾಜಿನ ಪ್ರಕಟಣೆ. ‘ಇದ್ದಲ್ಲಿ, ಇದ್ದಂತೆ’ ಎಂಬ ಷರತ್ತು ಅದರಲ್ಲಿ ತಪ್ಪದೆ ಇರುತ್ತದೆ. ಕೊಂಡ ಮೇಲೆ ಮೋಟಾರು ಸುಟ್ಟಿದೆ ಎಂದರೆ ಕೇಳುವವರಿಲ್ಲ. ಜಪ್ತಿಯ ಯಂತ್ರ ಕೊಳ್ಳುವವರು ಮೊದಲು ಹೋಗಿ ಕಣ್ಣಾರೆ ನೋಡಬೇಕು, ಬಲ್ಲ ಮೆಕ್ಯಾನಿಕ್ ಒಬ್ಬನನ್ನು ಜೊತೆಗೆ ಕರೆದೊಯ್ಯಬೇಕು, ಬಾಕಿ ಬಿಲ್ಲು ಯಾರ ತಲೆಗೆ ಎಂದು ಬರಹದಲ್ಲಿ ಕೇಳಬೇಕು.

ಖಾದರ್‌ಪೇಟೆಗೂ ಪೆಟ್ಟು ಬಿದ್ದಿದೆ. 2023ರ ಜೂನ್‌ನಲ್ಲಿ ಬೆಂಕಿ ಬಿದ್ದು ಸುಮಾರು 50 ಬನಿಯನ್ ಅಂಗಡಿಗಳು ಸುಟ್ಟವು. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ ಶೇಕಡಾ 50ರವರೆಗೆ ಸುಂಕ ಏರಿಸಿದಾಗ, ತಿರುಪ್ಪೂರಿನಲ್ಲಿ ಆರ್ಡರುಗಳು ಅರ್ಧಕ್ಕೇ ನಿಂತವು. ಹೊಲಿಗೆ ಮುಗಿದ ಒಳ್ಳೆಯ ಮಾಲಿಗೆ ಕೊಳ್ಳುವವನೇ ಇಲ್ಲವಾದಾಗ, ಒಂದು ಕಲೆಯೂ ಇಲ್ಲದ ಅಂಗಿಯ ಬೆಲೆ ಕುಸಿಯುತ್ತದೆ. ಅಂಥ ದಿನಗಳಲ್ಲಿ ಕೊಳ್ಳುವವರಿಗೆ ಲಾಭ. ಹೊಲಿಗೆ ಮೆಷಿನ್ ಮುಂದೆ ಕುಳಿತವರಿಗೆ ಕೆಲಸವೇ ಇಲ್ಲ.

ತಿರುಪ್ಪೂರಿಗೆ ಹೋದರೆ ಖಾದರ್‌ಪೇಟೆಗೆ ಹೋಗಿ ಬನ್ನಿ. ಅಂಗಿಯನ್ನು ಹೊರಗಿನ ಬೆಳಕಿಗೆ ಹಿಡಿದು ನೋಡಿ, ಹೊಲಿಗೆ ಎಳೆದು ನೋಡಿ, ತಪ್ಪೇನು ಎಂದು ನೇರವಾಗಿ ಕೇಳಿ. ತಪ್ಪನ್ನು ಮುಚ್ಚಿಡದೆ ಹೇಳಿದವನ ಹತ್ತಿರ ಮತ್ತೆ ಹತ್ತು ರೂಪಾಯಿಗೆ ಚೌಕಾಶಿ ಮಾಡಬೇಡಿ.