ಕಂಪೈಲ್ ಆಯ್ತು, ರನ್ ಯಾಕೆ ಆಗ್ತಿಲ್ಲ?

ಚಳಿಗಾಲದ ಸೆಮಿಸ್ಟರ್ ಶುರುವಾಗಿ ಆರೇಳು ವಾರ ಕಳೆದರೆ ಸಾಕು, ನಮ್ಮ ಸಂಘದ ವಾಟ್ಸ್‌ಆ್ಯಪ್ ಗುಂಪಿಗೆ ರಾತ್ರಿ ಹನ್ನೊಂದರ ಮೇಲೆ ಒಂದು ಫೋಟೋ ಬಂದೇ ಬರುತ್ತದೆ. ಕಪ್ಪು ಪರದೆ, ಅದರ ತುಂಬ ಎರರ್ ಸಾಲುಗಳು, ಅರ್ಧ ಸಾಲು ಫೋಟೋದಿಂದ ಹೊರಗೆ. ಕೆಳಗೆ ಒಂದು ಸಂದೇಶ: "ಅಣ್ಣಾ, ಲ್ಯಾಪ್‌ಟಾಪ್‌ನಲ್ಲಿ ಓಡ್ತಿತ್ತು, ಲ್ಯಾಬ್‌ನಲ್ಲಿ ಓಡ್ತಿಲ್ಲ. ನಾಳೆ ಬೆಳಿಗ್ಗೆ ಡೆಮೊ ಇದೆ."

ಜರ್ಮನಿಗೆ ಹೊಸದಾಗಿ ಬಂದವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಇಲ್ಲಿ ಕೆಲವು ವಿಷಯಗಳಲ್ಲಿ ಪ್ರಾಕ್ಟಿಕಲ್ ಪಾಸಾಗದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಪ್ರೋಗ್ರಾಂ ಎಷ್ಟೇ ಚೆನ್ನಾಗಿ ಬರೆದಿರಲಿ, ಟ್ಯೂಟರ್ ಮುಂದೆ ಓಡದಿದ್ದರೆ ಒಂದು ಸೆಮಿಸ್ಟರ್ ಹೋಯಿತು. ಕಳೆದ ಡಿಸೆಂಬರಿನಲ್ಲಿ ನಮ್ಮ ಜೂನಿಯರ್ ಒಬ್ಬ, ದಾವಣಗೆರೆ ಹುಡುಗ, ಇದೇ ಅಂಚಿಗೆ ಬಂದು ನಿಂತಿದ್ದ. ಅವನ ಒಂದು ರಾತ್ರಿಯಲ್ಲಿ ಜಾವಾದ ಕ್ಲಾಸ್‌ಪಾತ್ ಎರರ್‌ಗಳು ಹೆಚ್ಚುಕಡಿಮೆ ಎಲ್ಲವೂ ಸಾಲಾಗಿ ಬಂದು ಹೋದವು. ಅದಕ್ಕೇ ಅವನ ಅನುಮತಿ ಪಡೆದು ಆ ರಾತ್ರಿಯನ್ನೇ ಇಟ್ಟುಕೊಂಡು ಬರೆಯುತ್ತಿದ್ದೇವೆ. ಎರರ್ ಹೆಸರುಗಳನ್ನು ಓದಲು ಸುಲಭವಾಗಲಿ ಅಂತ ಬಿಡಿಸಿ ಬರೆದಿದ್ದೇವೆ. ಪರದೆಯ ಮೇಲೆ ಅವು ಒಂದಕ್ಕೊಂದು ಅಂಟಿಕೊಂಡಿರುತ್ತವೆ.

ಅವನ ಪ್ರೋಗ್ರಾಂ ಹಾಸ್ಟೆಲ್ ಅಡುಗೆಮನೆಯ ಖರ್ಚಿನ ಲೆಕ್ಕ ಇಡುವುದು, ಲೆಕ್ಕ ಮೈಎಸ್‌ಕ್ಯೂಎಲ್‌ನಲ್ಲಿ. ಊರಿನಲ್ಲಿ ಡಿಬಿಎಂಎಸ್ ಮಿನಿ ಪ್ರಾಜೆಕ್ಟ್ ಮಾಡಿದ ಎಲ್ಲರಿಗೂ ಪರಿಚಯದ ಜೋಡಿ. ನಾವು ಬಹಳಷ್ಟು ಜನ ಜಾವಾ ಕಲಿತದ್ದು ಎಕ್ಲಿಪ್ಸ್ ಒಳಗೆ. ಪ್ರಾಜೆಕ್ಟ್ ಮೇಲೆ ರೈಟ್ ಕ್ಲಿಕ್, 'ಆ್ಯಡ್ ಎಕ್ಸ್‌ಟರ್ನಲ್ ಜಾರ್', ಹಸಿರು ಬಟನ್, ಮುಗೀತು. ಆ ಹಸಿರು ಬಟನ್ ಒತ್ತಿದಾಗ ಎಕ್ಲಿಪ್ಸ್ ನಮ್ಮ ಪರವಾಗಿ ಒಂದು ಉದ್ದನೆಯ ಕ್ಲಾಸ್‌ಪಾತ್ ಬರೆದು ಜಾವಾಗೆ ಕೊಡುತ್ತದೆ ಅನ್ನೋದು ನಮಗೆ ಗೊತ್ತೇ ಆಗುವುದಿಲ್ಲ. ಟರ್ಮಿನಲ್‌ಗೆ ಬಂದ ದಿನ ಆ ಕೆಲಸ ನಮ್ಮ ತಲೆ ಮೇಲೆ ಬೀಳುತ್ತದೆ.

ಕ್ಲಾಸ್‌ಪಾತ್ ಅಂದರೆ ಇಷ್ಟೇ: ಕ್ಲಾಸ್ ಬೇಕಾದಾಗ ಜಾವಾ ಎಲ್ಲೆಲ್ಲಿ ಹುಡುಕಬೇಕು ಅನ್ನುವ ಜಾಗಗಳ ಪಟ್ಟಿ. ಪಟ್ಟಿಯಲ್ಲಿ ಫೋಲ್ಡರ್ ಇರಬಹುದು, ಜಾರ್ ಫೈಲ್ ಇರಬಹುದು. ಜಾರ್ ಅಂದರೆ ಕ್ಲಾಸ್‌ಗಳನ್ನು ತುಂಬಿ ಮುಚ್ಚಳ ಹಾಕಿದ ಜಿಪ್ ಫೈಲ್, ಬೇರೇನೂ ಅಲ್ಲ. ಪಟ್ಟಿಯಲ್ಲಿರುವ ಜಾಗಗಳನ್ನು ಬಿಟ್ಟು ಪಕ್ಕದ ಫೋಲ್ಡರ್‌ನಲ್ಲೇ ಜಾರ್ ಬಿದ್ದಿದ್ದರೂ ಜಾವಾ ಇಣುಕಿ ನೋಡುವುದಿಲ್ಲ. "ಜಾರ್ ಅಲ್ಲೇ ಇದೆಯಲ್ಲಣ್ಣಾ!" ಅನ್ನುವ ಮಾತು ಆ ರಾತ್ರಿ ನಾಲ್ಕು ಸಲ ಕೇಳಿಬಂತು.

ಅವನ ಮೊದಲ ಎರರ್ ವಿಚಿತ್ರವಾದದ್ದು. ಲ್ಯಾಪ್‌ಟಾಪ್ ವಿಂಡೋಸ್, ಲ್ಯಾಬ್ ಲಿನಕ್ಸ್. ಮನೆಯಲ್ಲಿ ಬಳಸಿದ ಕಮಾಂಡನ್ನೇ ಹಾಗೇ ತಂದು ಹಾಕಿದ್ದ. ಅದರಲ್ಲಿ ಮೈನಸ್ ಸಿಪಿ ಆದ ಮೇಲೆ ಒಂದು ಚುಕ್ಕೆ, ಒಂದು ಸೆಮಿಕೋಲನ್, ಜಾರ್ ಫೈಲಿನ ಹೆಸರು, ಕೊನೆಗೆ ಕ್ಲಾಸ್ ಹೆಸರು. ವಿಂಡೋಸ್‌ನಲ್ಲಿ ಎರಡು ಜಾಗಗಳ ನಡುವೆ ಸೆಮಿಕೋಲನ್ ಬರಬೇಕು, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಕೋಲನ್. ಇಷ್ಟೇ ಆಗಿದ್ದರೆ 'ಸಿಗಲಿಲ್ಲ' ಅಂತ ಒಂದು ಎರರ್ ಬಂದು ಗೊತ್ತಾಗುತ್ತಿತ್ತು. ಆದರೆ ಲಿನಕ್ಸ್ ಶೆಲ್‌ಗೆ ಸೆಮಿಕೋಲನ್ ಅಂದರೆ 'ಇಲ್ಲಿಗೆ ಒಂದು ಕಮಾಂಡ್ ಮುಗೀತು, ಮುಂದಿನದು ಬೇರೆ'. ಹಾಗಾಗಿ ಅದು ಒಂದು ಸಾಲನ್ನು ಎರಡಾಗಿ ಸೀಳಿತು. ಮೊದಲ ಅರ್ಧದಲ್ಲಿ ಕ್ಲಾಸ್ ಹೆಸರೇ ಇಲ್ಲ, ಆದ್ದರಿಂದ ಜಾವಾ ತನ್ನ ಉದ್ದನೆಯ ಸಹಾಯ ಪುಟ ಕಕ್ಕಿತು. ಎರಡನೇ ಅರ್ಧದಲ್ಲಿ ಶೆಲ್ ಆ ಜಾರ್ ಫೈಲನ್ನೇ ಪ್ರೋಗ್ರಾಂ ಅಂತ ಓಡಿಸಲು ಹೋಗಿ 'ಪರ್ಮಿಷನ್ ಡಿನೈಡ್' ಅಂದಿತು. ನಮ್ಮ ಹುಡುಗ ಕೊನೆಯ ಸಾಲು ಮಾತ್ರ ಓದಿದ. ತನಗೆ ಲ್ಯಾಬ್‌ನಲ್ಲಿ ಜಾವಾ ಬಳಸಲು ಅನುಮತಿ ಇಲ್ಲ ಅಂದುಕೊಂಡು ಲ್ಯಾಬ್ ಅಡ್ಮಿನ್‌ಗೆ ಮೇಲ್ ಹಾಕಿ ಮೂರು ಗಂಟೆ ಉತ್ತರಕ್ಕೆ ಕಾದ. ಪಾಪ, ಅದಕ್ಕೆ ಉತ್ತರ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

(ವಿಂಡೋಸ್‌ನಲ್ಲೇ ಗಿಟ್ ಬ್ಯಾಶ್ ಬಳಸುವವರಿಗೆ ಒಂದು ಮಾತು. ಅಲ್ಲಿ ಶೆಲ್ ಲಿನಕ್ಸ್ ರೀತಿ, ಜಾವಾ ಮಾತ್ರ ವಿಂಡೋಸ್‌ನದು. ಆದ್ದರಿಂದ ಸೆಮಿಕೋಲನ್ನೇ ಬೇಕು, ಆದರೆ ಇಡೀ ಪಟ್ಟಿಯನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಕು.)

ನಾವು ಮೂವರು ಅವನ ಹಾಸ್ಟೆಲ್ ಅಡುಗೆಮನೆ ಸೇರುವ ಹೊತ್ತಿಗೆ ಅವನು ದಾರಿ ಬದಲಿಸಿದ್ದ. ಲ್ಯಾಪ್‌ಟಾಪ್‌ನಿಂದಲೇ ಲ್ಯಾಬ್ ಮಷೀನ್‌ಗೆ ಲಾಗಿನ್ ಆಗಿ, ಮೈನಸ್ ಸಿಪಿಯನ್ನೇ ಕಿತ್ತು ಹಾಕಿ, ಕ್ಲಾಸ್ ಫೈಲ್ ಇರುವ ಫೋಲ್ಡರ್ ಒಳಗೇ ಹೋಗಿ 'ಜಾವಾ ಮೇನ್' ಅಂತ ಟೈಪ್ ಮಾಡಿದ್ದ. ಈಗ 'ಕುಡ್ ನಾಟ್ ಫೈಂಡ್ ಆರ್ ಲೋಡ್ ಮೇನ್ ಕ್ಲಾಸ್'. ಕಣ್ಣೆದುರಿಗೇ ಮೇನ್ ಫೈಲ್ ಇದೆ, ಸಿಗಲಿಲ್ಲ ಅಂತಿದೆ!

ಕಾರಣ ಪ್ಯಾಕೇಜ್. ಅವನ ಕ್ಲಾಸಿನ ಮೊದಲ ಸಾಲಿನಲ್ಲಿ ಪ್ಯಾಕೇಜ್ 'ಖರ್ಚು.ಆ್ಯಪ್' ಅಂತಿತ್ತು. ಅಂದಮೇಲೆ ಅದರ ಪೂರ್ತಿ ಹೆಸರು 'ಖರ್ಚು.ಆ್ಯಪ್.ಮೇನ್'. ಬೆಂಗಳೂರಿನಲ್ಲಿ ಬರೀ '4ನೇ ಕ್ರಾಸ್' ಅಂದರೆ ಆಟೋದವರು "ಯಾವ ಬಡಾವಣೆ ಸಾರ್?" ಅಂತ ಕೇಳುವುದಿಲ್ಲವೇ, ಹಾಗೆ ಪೂರ್ತಿ ಹೆಸರೇ ವಿಳಾಸ. ಆ ಹೆಸರಿನ ಪ್ರತಿ ಚುಕ್ಕೆಯೂ ಒಂದು ಫೋಲ್ಡರ್ ಕೆಳಗಿಳಿಯುವ ಮೆಟ್ಟಿಲು. ಆದ್ದರಿಂದ ನಿಲ್ಲಬೇಕಾದದ್ದು 'ಖರ್ಚು' ಫೋಲ್ಡರಿನ ಒಳಗಲ್ಲ, ಅದರ ಹೊರಗೆ. ಅಲ್ಲಿ ನಿಂತು ಪೂರ್ತಿ ಹೆಸರು ಹಿಡಿದು ಕರೆಯಬೇಕು. ಕೆಳಗಿನ 'ಕಾಸ್ಡ್ ಬೈ' ಸಾಲು ಓದಿದ್ದರೆ ಅಲ್ಲೇ ಬ್ರಾಕೆಟ್ಟಿನಲ್ಲಿ 'ರಾಂಗ್ ನೇಮ್' ಅಂತ ಜಾವಾ ಹೇಳಿಯೂ ಇತ್ತು.

ಹೊರಗೆ ಬಂದು ಪೂರ್ತಿ ಹೆಸರು ಹಿಡಿದು ಕರೆದೆವು. ಮೂರನೇ ಎರರ್: 'ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್ ಎರರ್', ಜೊತೆಗೆ 65 ಮತ್ತು 61 ಅನ್ನುವ ಎರಡು ಅಂಕಿಗಳು. ಇದು ನೋಡಲು ಭಯಂಕರ, ಬಗೆಹರಿಸಲು ಸುಲಭ. ಆ ಅಂಕಿಯಿಂದ 44 ಕಳೆದರೆ ಜಾವಾ ಆವೃತ್ತಿ ಸಿಗುತ್ತದೆ. 65 ಅಂದರೆ ಜಾವಾ 21, 61 ಅಂದರೆ ಜಾವಾ 17, ಹಳೇ 52 ಅಂದರೆ ಜಾವಾ 8. ಲ್ಯಾಪ್‌ಟಾಪ್‌ನ 21ರಲ್ಲಿ ಕಂಪೈಲ್ ಮಾಡಿದ ಕ್ಲಾಸ್ ಫೈಲುಗಳನ್ನು ಪೆನ್‌ಡ್ರೈವ್‌ನಲ್ಲಿ ತಂದು ಲ್ಯಾಬ್‌ನ 17ಕ್ಕೆ ಕೊಟ್ಟಿದ್ದ. ಹಳೆಯದರಲ್ಲಿ ಕಂಪೈಲ್ ಮಾಡಿದ್ದನ್ನು ಹೊಸದು ಸಾಮಾನ್ಯವಾಗಿ ಓಡಿಸುತ್ತದೆ, ಹೊಸದರಲ್ಲಿ ಮಾಡಿದ್ದನ್ನು ಹಳೆಯದು ಮುಟ್ಟುವುದಿಲ್ಲ. ಲ್ಯಾಬ್ ಮಷೀನಿನಲ್ಲೇ ಮತ್ತೆ ಕಂಪೈಲ್ ಮಾಡಿದೆವು. ಮನೆಯಲ್ಲೇ ಮಾಡಬೇಕಿದ್ದರೆ ಜಾವಾಸಿಗೆ 'ರಿಲೀಸ್ 17' ಅನ್ನುವ ಆಯ್ಕೆ ಕೊಟ್ಟರೂ ಸಾಕಿತ್ತು.

ಕಂಪೈಲ್ ಒಂದೂ ಎರರ್ ಇಲ್ಲದೆ ಆಯಿತು. ಅವನ ಮುಖದಲ್ಲಿ ನಗು ಬಂತು. ರನ್ ಮಾಡಿದರೆ 'ಕ್ಲಾಸ್ ನಾಟ್ ಫೌಂಡ್ ಎಕ್ಸೆಪ್ಶನ್', ಹುಡುಕಿದ್ದು ಮೈಎಸ್‌ಕ್ಯೂಎಲ್ ಡ್ರೈವರ್. ಇಲ್ಲಿ ಅವನು ಕೇಳಿದ ಪ್ರಶ್ನೆಯೇ ಈ ಲೇಖನದ ಶೀರ್ಷಿಕೆ.

ಉತ್ತರ ಹೀಗೆ. ಕಂಪೈಲ್ ಮಾಡುವಾಗಿನ ಕ್ಲಾಸ್‌ಪಾತ್ ಬೇರೆ, ರನ್ ಮಾಡುವಾಗಿನ ಕ್ಲಾಸ್‌ಪಾತ್ ಬೇರೆ. ಒಂದರಲ್ಲಿ ಕೊಟ್ಟದ್ದು ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ. ಅದರ ಮೇಲೆ, ಅವನ ಕೋಡ್‌ನಲ್ಲಿ ಡ್ರೈವರ್ ಹೆಸರು ಇದ್ದದ್ದು 'ಕ್ಲಾಸ್ ಫಾರ್ ನೇಮ್'ಗೆ ಕೊಟ್ಟ ಬರೀ ಅಕ್ಷರಗಳ ಸಾಲಾಗಿ. ಕಂಪೈಲರ್ ಆ ಸಾಲಿನ ಒಳಗೆ ಏನು ಬರೆದಿದೆ ಅಂತ ನೋಡುವುದೇ ಇಲ್ಲ. ಅಲ್ಲಿ ನಮ್ಮೂರಿನ ಹೆಸರು ಬರೆದಿದ್ದರೂ ಕಂಪೈಲ್ ಆಗುತ್ತಿತ್ತು. ರನ್ ಆಗುವಾಗ ಮಾತ್ರ ಜಾವಾ ಆ ಹೆಸರಿನವರನ್ನು ಹುಡುಕಿಕೊಂಡು ಹೊರಡುತ್ತದೆ.

ಇದರ ದಾಯಾದಿ 'ನೋ ಕ್ಲಾಸ್ ಡೆಫ್ ಫೌಂಡ್ ಎರರ್'. ಎರಡನ್ನೂ ಒಂದೇ ಅಂದುಕೊಳ್ಳುವವರು ಬಹಳ. ಹೆಸರು ಹೇಳಿ ತರಿಸಲು ಹೋದಾಗ ಸಿಗದಿದ್ದರೆ ಸಾಮಾನ್ಯವಾಗಿ ಮೊದಲನೆಯದು. ಕಂಪೈಲ್ ಆಗುವಾಗ ಕಣ್ಣಾರೆ ಇದ್ದ ಕ್ಲಾಸ್ ರನ್ ಆಗುವಾಗ ನಾಪತ್ತೆಯಾದರೆ ಎರಡನೆಯದು. ಎರಡನೆಯದು ಬಂದಾಗ ಅದರ ಜೊತೆ 'ಕುಡ್ ನಾಟ್ ಇನಿಷಿಯಲೈಸ್ ಕ್ಲಾಸ್' ಅಂತಿದ್ದರೆ ಕ್ಲಾಸ್‌ಪಾತ್ ಮುಟ್ಟಬೇಡಿ. ಕ್ಲಾಸ್ ಸಿಕ್ಕಿದೆ, ಅದರ ಸ್ಟ್ಯಾಟಿಕ್ ಭಾಗ ಮೊದಲ ಸಲವೇ ಕುಸಿದಿದೆ. ಲಾಗ್‌ನಲ್ಲಿ ಮೇಲಕ್ಕೆ ಹೋದರೆ ನಿಜವಾದ ಕಾರಣ ಇರುತ್ತದೆ.

ನಮ್ಮ ಹುಡುಗನಿಗೆ ಡ್ರೈವರ್ ಜಾರ್ ಸೇರಿಸಿ ಅಂದೆವು. ಸೇರಿಸಿದ. ಈಗ ಡ್ರೈವರ್ ಅಲ್ಲ, ಮತ್ತೆ ಮೇನ್ ಕ್ಲಾಸೇ ಸಿಗಲಿಲ್ಲ! ಮೈನಸ್ ಸಿಪಿ ಮುಂದೆ ಬರೀ ಜಾರ್ ಹೆಸರು ಬರೆದಿದ್ದ, ಚುಕ್ಕೆ ಬಿಟ್ಟಿದ್ದ. ಏನೂ ಕೊಡದಿದ್ದರೆ ಜಾವಾ ನಾವಿರುವ ಫೋಲ್ಡರಿನಲ್ಲಿ ಹುಡುಕುತ್ತದೆ. ಒಂದು ಪಟ್ಟಿ ಕೊಟ್ಟ ಕೂಡಲೇ ಪಟ್ಟಿಯಲ್ಲಿ ಇರುವುದಷ್ಟೇ ಲೆಕ್ಕ. ಆ ಚುಕ್ಕೆ ಅಂದರೆ 'ಈ ಫೋಲ್ಡರ್ ಕೂಡ'. ಊರಿನ ಲ್ಯಾಬ್ ಮ್ಯಾನುಯಲ್‌ಗಳಲ್ಲಿ ಕಲಿತ 'ಸೆಟ್ ಕ್ಲಾಸ್‌ಪಾತ್' ಕೂಡ ಇದೇ ಗುಂಡಿಗೆ ಬೀಳಿಸುತ್ತದೆ. ಒಂದು ಪ್ರಾಜೆಕ್ಟಿಗೆ ಅಂತ ಇಟ್ಟದ್ದು ಅಲ್ಲಿ ಓಡಿಸುವ ಉಳಿದ ಜಾವಾ ಪ್ರೋಗ್ರಾಂಗಳಿಂದಲೂ ಚುಕ್ಕೆಯನ್ನು ಕಿತ್ತುಕೊಳ್ಳುತ್ತದೆ. ನಮ್ಮ ಅಭಿಪ್ರಾಯ ಕೇಳಿದರೆ, ಆ ವೇರಿಯಬಲ್ ಅನ್ನು ಮುಟ್ಟಲೇಬೇಡಿ. ಪ್ರತಿ ಸಲ ಮೈನಸ್ ಸಿಪಿ ಕೊಡಿ. ಕೊಟ್ಟರೆ ಅದು ವೇರಿಯಬಲನ್ನು ಬದಿಗೆ ಸರಿಸುತ್ತದೆ.

ಹತ್ತು ಜಾರ್‌ಗಳಿದ್ದರೆ ಒಂದೊಂದನ್ನೂ ಬರೆಯಬೇಕಿಲ್ಲ. ಫೋಲ್ಡರ್ ಹೆಸರಿನ ಮುಂದೆ ಸ್ಲ್ಯಾಶ್ ಮತ್ತು ನಕ್ಷತ್ರ ಚಿಹ್ನೆ ಹಾಕಿದರೆ ಅದರೊಳಗಿನ ಎಲ್ಲ ಜಾರ್‌ಗಳೂ ಬರುತ್ತವೆ. ಆದರೆ ಜಾರ್ ಮಾತ್ರ, ಬಿಡಿ ಕ್ಲಾಸ್ ಫೈಲುಗಳಲ್ಲ, ಒಳಗಿನ ಉಪಫೋಲ್ಡರ್‌ಗಳೂ ಅಲ್ಲ. ಶೆಲ್ ಆ ನಕ್ಷತ್ರವನ್ನು ತಾನೇ ಬಿಡಿಸದಂತೆ ಉದ್ಧರಣ ಚಿಹ್ನೆಯಲ್ಲಿಡಿ. ಇನ್ನು 'ಮೈನಸ್ ಜಾರ್' ಬಳಸಿ ಓಡಿಸಿದರೆ ಮೈನಸ್ ಸಿಪಿಯನ್ನು ಜಾವಾ ಸದ್ದಿಲ್ಲದೆ ಕಡೆಗಣಿಸುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಆಗ ಬೇರೆ ಲೈಬ್ರರಿಗಳ ಹೆಸರು ಜಾರ್‌ನ ಒಳಗಿನ ಮ್ಯಾನಿಫೆಸ್ಟ್ ಫೈಲಿನಲ್ಲಿ ಇರಬೇಕು, ಇಲ್ಲವೇ ಮೇವನ್‌ನ ಶೇಡ್ ಪ್ಲಗಿನ್‌ನಂಥದ್ದು ಬಳಸಿ ಎಲ್ಲವನ್ನೂ ಒಂದೇ ಜಾರ್‌ಗೆ ತುಂಬಿರಬೇಕು.

ಆ ರಾತ್ರಿ ಬಾರದೆ ಉಳಿದದ್ದು 'ನೋ ಸಚ್ ಮೆಥಡ್ ಎರರ್' ಒಂದೇ ಅನ್ನಬಹುದು. ಅದು ಬರುವುದು ಥೀಸಿಸ್ ಸಮಯದಲ್ಲಿ. ನಮ್ಮ ಪ್ರಕಾರ ಇವುಗಳಲ್ಲೆಲ್ಲ ನಿಜವಾಗಿ ಕಷ್ಟದ್ದು ಇದೇ, ಯಾಕೆಂದರೆ ಇಲ್ಲಿ ಏನೂ ಕಳೆದಿರುವುದಿಲ್ಲ, ಒಂದು ಹೆಚ್ಚಿರುತ್ತದೆ. ಮದುವೆ ಛತ್ರದಲ್ಲಿ "ಮಂಜು!" ಅಂತ ಕೂಗಿದರೆ ಮೊದಲು ತಿರುಗಿ ನೋಡಿದ ಮಂಜುನಿಗೇ ಕೆಲಸ. ಹಾಗೇ ಒಂದೇ ಲೈಬ್ರರಿಯ ಹಳೇ ಹೊಸ ಎರಡೂ ಜಾರ್ ಕ್ಲಾಸ್‌ಪಾತ್‌ನಲ್ಲಿದ್ದರೆ ಪಟ್ಟಿಯಲ್ಲಿ ಮೊದಲಿರುವುದೇ ಗೆಲ್ಲುತ್ತದೆ. ನಿಮ್ಮ ಕೋಡ್ ಕಂಪೈಲ್ ಆದದ್ದು ಹೊಸದರ ಮೇಲೆ, ಓಡುತ್ತಿರುವುದು ಹಳೆಯದರ ಮೇಲೆ, ಅಲ್ಲಿ ಆ ಮೆಥಡ್ ಇನ್ನೂ ಹುಟ್ಟೇ ಇಲ್ಲ. ಹಡೂಪ್ 2ರ ಜೊತೆ ಗ್ವಾವಾದ 11ನೇ ಆವೃತ್ತಿ ಬರುತ್ತಿತ್ತು. ತಮ್ಮ ಕೋಡ್‌ನಲ್ಲಿ ಹೊಸ ಗ್ವಾವಾ ಬಳಸಿದವರೆಲ್ಲ ಇದನ್ನು ಅನುಭವಿಸಿದವರೇ.

ಇಲ್ಲಿ ಊಹೆಯಿಂದ ಜಾರ್ ಅಳಿಸುತ್ತ ಕೂರಬೇಡಿ, ಜಾವಾವನ್ನೇ ಕೇಳಿ. ಓಡಿಸುವಾಗ 'ಮೈನಸ್ ವರ್ಬೋಸ್ ಕೋಲನ್ ಕ್ಲಾಸ್' ಅಂತ ಕೊಟ್ಟರೆ ಪ್ರತಿ ಕ್ಲಾಸನ್ನೂ ಎಲ್ಲಿಂದ ತಂದೆ ಅಂತ ಅದು ಬರೆಯುತ್ತದೆ. ಸಾವಿರಾರು ಸಾಲು ಬರುತ್ತವೆ, ಗ್ರೆಪ್ ಮಾಡಿ ನಿಮ್ಮ ಕ್ಲಾಸ್ ಹುಡುಕಿ. ಮೇವನ್ ಇದ್ದರೆ 'ಡಿಪೆಂಡೆನ್ಸಿ ಟ್ರೀ' ತೆಗೆಸಿ. ಒಂದೇ ಲೈಬ್ರರಿಯ ಎರಡು ಆವೃತ್ತಿ ಬಂದರೆ ಮೇವನ್ ನಮ್ಮ ಪ್ರಾಜೆಕ್ಟಿಗೆ ಹತ್ತಿರದ ನೆಂಟನನ್ನು ಆರಿಸುತ್ತದೆ, ಹೊಸದನ್ನಲ್ಲ. ಗ್ರೇಡಲ್ ಮಾತ್ರ ಬೇರೇನೂ ಹೇಳದಿದ್ದರೆ ಎರಡರಲ್ಲಿ ಹೊಸದನ್ನೇ ಹಿಡಿಯುತ್ತದೆ. ಮೇವನ್‌ನಿಂದ ಗ್ರೇಡಲ್‌ಗೆ ಬದಲಾಯಿಸಿದ ಕೂಡಲೇ ಕೆಲವರ ಎರರ್ ಮಾಯವಾಗುವುದಕ್ಕೆ, ಇನ್ನು ಕೆಲವರಿಗೆ ಹೊಸದಾಗಿ ಹುಟ್ಟುವುದಕ್ಕೆ ಇದೇ ಗುಟ್ಟು.

ಸೀನಿಯರ್‌ಗಳಿಂದ ಬಳುವಳಿಯಾಗಿ ಬಂದ ಜಾವಾ 8ರ ಕೋಡ್ ಇದ್ದವರು ಇನ್ನೊಂದನ್ನು ಗಮನಿಸಿ. ಎಕ್ಸ್‌ಎಂಎಲ್‌ಗೆ ಬಳಸುತ್ತಿದ್ದ ಜಾಕ್ಸ್‌ಬಿ 2018ರ ಜಾವಾ 11ರಲ್ಲಿ ಜೆಡಿಕೆಯಿಂದ ಹೊರಬಿತ್ತು. ಮೊದಲು ಪುಕ್ಕಟೆ ಸಿಗುತ್ತಿದ್ದದ್ದನ್ನು ಈಗ ಲೈಬ್ರರಿಯಾಗಿ ನಾವೇ ಸೇರಿಸಬೇಕು. ಓಪನ್‌ಸಿವಿ ಬಳಸುವವರಿಗೆ ಬರುವ 'ಅನ್‌ಸ್ಯಾಟಿಸ್‌ಫೈಡ್ ಲಿಂಕ್ ಎರರ್' ಕ್ಲಾಸ್‌ಪಾತ್ ವಿಷಯವಲ್ಲ. ಅಲ್ಲಿ ಬೇಕಿರುವುದು ವಿಂಡೋಸ್‌ನ ಡಿಎಲ್ಎಲ್ ಅಥವಾ ಲಿನಕ್ಸ್‌ನ ಎಸ್‌ಒ ಫೈಲ್, ಅದರ ದಾರಿ 'ಜಾವಾ.ಲೈಬ್ರರಿ.ಪಾತ್' ಅನ್ನುವ ಬೇರೆ ಪಟ್ಟಿಯಲ್ಲಿ ಹೋಗಬೇಕು.

ಗುಂಪಿಗೆ ಸಂದೇಶ ಹಾಕುವಾಗ ದಯವಿಟ್ಟು ಫೋಟೋ ಬೇಡ. ಎರರ್ ಅನ್ನು ಮೊದಲ ಸಾಲಿನಿಂದ ಕೊನೆಯ 'ಕಾಸ್ಡ್ ಬೈ' ತನಕ ಕಾಪಿ ಮಾಡಿ. ಜೊತೆಗೆ ನೀವು ಟೈಪ್ ಮಾಡಿದ ಕಮಾಂಡ್ ಇದ್ದಂತೆಯೇ, ಯಾವ ಫೋಲ್ಡರಿನಲ್ಲಿ ನಿಂತು ಟೈಪ್ ಮಾಡಿದಿರಿ, 'ಜಾವಾ ಮೈನಸ್ ವರ್ಷನ್' ಏನು ಹೇಳುತ್ತದೆ, ಇಷ್ಟು ಹಾಕಿ. ಹಾಗೆ ಹಾಕಲು ಹೊರಟವರಲ್ಲಿ ಕೆಲವರು ಬರೆಯುತ್ತಿರುವಾಗಲೇ "ಸಿಕ್ತು ಬಿಡಿ" ಅಂದದ್ದೂ ಇದೆ.

ಅಂದಹಾಗೆ ನಮ್ಮ ದಾವಣಗೆರೆ ಹುಡುಗ ರಾತ್ರಿ ಒಂದೂವರೆಗೆ ಚುಕ್ಕೆ ಹಾಕಿ, ಕೋಲನ್ ಹಾಕಿ, ಜಾರ್ ಹೆಸರು ಬರೆದು ಎಂಟರ್ ಒತ್ತಿದ. ಡ್ರೈವರ್ ಸಿಕ್ಕಿತು. ಪರದೆಯ ಮೇಲೆ 'ಆ್ಯಕ್ಸೆಸ್ ಡಿನೈಡ್' ಅಂತ ಬಂತು. ಈ ಸಲ ನಿಜವಾಗಿಯೂ ಮೈಎಸ್‌ಕ್ಯೂಎಲ್ ಪಾಸ್‌ವರ್ಡ್ ತಪ್ಪಿತ್ತು. "ಇದಕ್ಕೆ ಅಡ್ಮಿನ್‌ಗೆ ಮೇಲ್ ಹಾಕಲಾ ಅಣ್ಣಾ?" ಅಂದ. ಲ್ಯಾಬ್‌ನವರು ಕೊಟ್ಟ ಪಾಸ್‌ವರ್ಡ್ ಅವನ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಇತ್ತು.